ಮೂರನೆಯ ಸಲ ಕೇಳುವವರೆಗೆ

ಆರ್ಡಿಸ್ ಮೋಯೆನ್ ಇಪ್ಪತ್ತೇಳು ವರ್ಷದಿಂದ ಇನ್ನೊಬ್ಬರು ಮಾಡಿದ ಪೈಯನ್ನು ಹೊತ್ತು ತಿರುಗುತ್ತಿದ್ದಳು. ವೆಂಡೆಲ್‌ನ ಹೋಟೆಲಿನಲ್ಲಿ ಅಡುಗೆಮನೆಯ ಬಾಗಿಲಿನಿಂದ ಕಿಟಕಿ ಪಕ್ಕದ ಮೇಜಿಗೆ ಹದಿನಾಲ್ಕು ಹೆಜ್ಜೆ. ಕಣಕದೊಳಗೆ ಹೂರಣ ತುಂಬಿ ಬೇಯಿಸಿದ ಸೇಬಿನ ಪೈ, ನಿಂಬೆಯ ಪೈ, ಹುಳಿಕೆನೆಗೆ ಒಣದ್ರಾಕ್ಷಿ ಹಾಕಿದ ಪೈ, ಬೇಸಿಗೆ ಶುರುವಾಗುತ್ತಲೇ ಹಿತ್ತಲಿನ ರೂಬಾರ್ಬ್ ಎಂಬ ಹುಳಿ ದಂಟಿನ ಪೈ, ಎಲ್ಲವೂ ಅವಳ ಕೈಯಲ್ಲೇ ಆ ಹದಿನಾಲ್ಕು ಹೆಜ್ಜೆ ದಾಟಿ ಜನರ ಹೊಟ್ಟೆ ಸೇರಿದ್ದವು. ಮಾಡುತ್ತಿದ್ದವಳು ಮಾತ್ರ ಹಿಲ್ಮಾ ಸ್ಟೋರ್ಲಿ. ಹಿಲ್ಮಾಳ ವಯಸ್ಸು ಎಪ್ಪತ್ತೊಂಬತ್ತು, ಅವಳ ನಾಲಿಗೆಯ ವಯಸ್ಸು ಇಪ್ಪತ್ತು.

ಆರ್ಡಿಸ್‌ಗೆ ಇದ್ದದ್ದು ಒಂದೇ ಆಸೆ. ಆ ಪೈಗಳನ್ನು ತಾನು ಮಾಡಬೇಕು. ಈ ಗುಟ್ಟು ಗೊತ್ತಿದ್ದವನು ಗಂಡ ಲಾಯ್ಡ್ ಒಬ್ಬನೇ ಎಂದು ಅವಳ ನಂಬಿಕೆ, ಅದೂ ಅವಳು ಹೇಳಿ ಗೊತ್ತಾದದ್ದಲ್ಲ. ಪ್ರತಿ ಭಾನುವಾರ ಚರ್ಚಿನಿಂದ ಬಂದವಳೇ ಒಂದು ಪೈ ಬೇಯಿಸುವಳು. ಒಂದು ತುಂಡು ಅವನ ಮುಂದಿಟ್ಟು, ಮಿಕ್ಕದ್ದನ್ನು ನೆಲಮಾಳಿಗೆಯ ದೊಡ್ಡ ಫ್ರೀಜರಿನಲ್ಲಿ ಹುಗಿದಿಡುವಳು. ಅದು ಜಿಂಕೆ ಮಾಂಸ ಇಡಲೆಂದು ತಂದ ಫ್ರೀಜರು. ಈಗ ಅದರಲ್ಲಿ ಜಿಂಕೆಯ ಕಾಲಿಗೂ ಜಾಗವಿರಲಿಲ್ಲ. ಲಾಯ್ಡ್ ತಿಂದು "ಪರವಾಗಿಲ್ಲ" ಅನ್ನುವನು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಿಂದ ಬಂದಿರಲಿಲ್ಲ. ಮೊದಲ ಮಗು ಹುಟ್ಟಿದಾಗ ತೊಟ್ಟಿಲಲ್ಲಿ ಇಣುಕಿ ನೋಡಿ ಅವನು ಅಂದದ್ದೂ ಅಷ್ಟೇ.

ಬೇಕಿದ್ದರೆ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಿದರೆ, ನೀವು ವಿಕೆನ್ ಊರಿನವರಲ್ಲ. ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂಬ ಮಾತು ಬೇರೆ ಕಡೆ ನಡೆದೀತು. ಅಮೆರಿಕದ ಮಿನೆಸೋಟದ ಆ ಮೂಲೆಯಲ್ಲಿ ಹಸುಗೂಸುಗಳೂ ಅಳುವ ಮುಂಚೆ ಅಕ್ಕಪಕ್ಕ ನೋಡುತ್ತವೆ. ಮೊದಲ ಸಲ ಕೊಟ್ಟದ್ದಕ್ಕೆ ಬಾಯಿ ಹಾಕುವುದು ನಾಯಿಗಳು ಮಾತ್ರ. ಮನುಷ್ಯರಾಗಿ ಹುಟ್ಟಿದವರು ಮೊದಲ ಸಲ "ಅಯ್ಯೋ ಬೇಡಿ" ಅನ್ನಬೇಕು, ಎರಡನೆಯ ಸಲ "ನಿಮಗ್ಯಾಕೆ ತೊಂದ್ರೆ" ಅನ್ನಬೇಕು, ಮೂರನೆಯ ಸಲ ಕೇಳಿದಾಗ "ಅಷ್ಟೊಂದು ಹೇಳ್ತಿದೀರಲ್ಲ, ಒಂಚೂರು ಹಾಕಿ" ಅನ್ನಬೇಕು. ಕೊಡುವವರೂ ಮೂರು ಸಲ ಕೇಳಲೇಬೇಕು. ಹಿಂದಿನ ಚಳಿಗಾಲದಲ್ಲಿ ಎಲ್ಮರ್‌ನ ಕಾರು ಹಿಮದಲ್ಲಿ ಜಾರಿ ಚರಂಡಿಗೆ ಇಳಿದಿತ್ತು. ಎಲ್ಮರ್ ಎಂದರೆ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹೋಟೆಲಿನ ಕಿಟಕಿ ಮೇಜಿಗೆ ಬಂದು ಕೂರುವ, ಹೊಲವನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟು ಮಾತನ್ನು ಮಾತ್ರ ತನಗಿಟ್ಟುಕೊಂಡ ಮುದುಕ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ಎಳೆದುಕೊಡಲಾ ಎಂದು ಕೇಳಿದ. "ಬೇಡಿ, ಇಲ್ಲೇ ಸ್ವಲ್ಪ ಹೊತ್ತು ಕೂತಿರ್ತೀನಿ" ಅಂದ ಎಲ್ಮರ್. ಟ್ರ್ಯಾಕ್ಟರಿನವನು ಹೊರ ಊರಿನವನು, ಒಂದೇ ಮಾತಿಗೆ ನಂಬಿ ಹೊರಟುಹೋದ. ಎಲ್ಮರ್ ಎರಡು ಗಂಟೆ ಹಲ್ಲು ಕಡಿಯುತ್ತ ಕೂತಿದ್ದ. ತಪ್ಪೆಲ್ಲ ಆ ಟ್ರ್ಯಾಕ್ಟರಿನವನದೇ ಎಂದು ಊರು ತೀರ್ಮಾನಿಸಿತು.

ಎಂಬತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ಸೋಮವಾರ ಹಿಲ್ಮಾ ಒಲೆಯಿಂದ ಪೈ ತೆಗೆಯುವಾಗ ಕೈ ಸೋತು ತಟ್ಟೆ ಕೆಳಗೆ ಬಿತ್ತು. ಬೆರಳ ಗೆಣ್ಣುಗಳು ಊದಿಕೊಂಡು ವರ್ಷಗಳಾಗಿದ್ದವು; ಎಲ್ಲರಿಗೂ ಕಾಣುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಅವಳು ಯಾರ ಸಹಾಯವೂ ಬೇಡವೆಂದು ತಾನೇ ನೆಲ ಒರೆಸಿದಳು. ಆಮೇಲೆ ಹವಾಮಾನದ ಮಾತು ಆಡುವವಳ ಹಾಗೆ ಆರ್ಡಿಸ್ ಪಕ್ಕ ಬಂದು ನಿಂತಳು.

"ಆರ್ಡಿಸ್, ಈ ಪೈ ಕೆಲ್ಸ ಇನ್ಮೇಲೆ ನೀನು ನೋಡ್ಕೋತೀಯೇನೆ?"

ಆರ್ಡಿಸ್ ಕಾದಿದ್ದ ಮಾತು ಅದೇ. ಬಾಯಿ ಮಾತ್ರ ಅಭ್ಯಾಸ ತಪ್ಪಲಿಲ್ಲ. "ಅಯ್ಯೋ, ನಂಗೆಲ್ಲಿ ಬರತ್ತೆ ಹಿಲ್ಮಾ. ನಿಮ್ಮ ಕೈ ಅಂದ್ರೆ ನಿಮ್ಮ ಕೈ."

"ಸರಿ ಬಿಡು," ಅಂದಳು ಹಿಲ್ಮಾ.

ಬುಧವಾರ ಪಾತ್ರೆ ತೊಳೆಯುವಾಗ ಮತ್ತೆ ಕೇಳಿದಳು. "ಯೋಚ್ನೆ ಮಾಡಿದ್ಯಾ, ಪೈ ವಿಷ್ಯ?"

"ನಿಮಗ್ಯಾಕೆ ಆ ಚಿಂತೆ. ಲಾಯ್ಡ್‌ಗೇ ನೆಟ್ಟಗೆ ಬೇಯ್ಸಿ ಹಾಕೋಕೆ ಬರಲ್ಲ ನಂಗೆ."

ಎರಡಾಯಿತು. ಹಿಲ್ಮಾ ಏನು ಕೇಳುವುದಿದ್ದರೂ ಒಂದು ದಿನ ಬಿಟ್ಟು ಒಂದು ದಿನ ಕೇಳುವವಳು. ಅಂದರೆ ಮೂರನೆಯದು ಶುಕ್ರವಾರಕ್ಕೆ ಬಂತು. ಗುರುವಾರ ಆರ್ಡಿಸ್ ಹೊಸ ಏಪ್ರನ್ ಇಸ್ತ್ರಿ ಮಾಡಿ ಚೀಲದಲ್ಲಿಟ್ಟುಕೊಂಡಳು. ಕನ್ನಡಿಯ ಮುಂದೆ ನಿಂತು, ಬಹಳ ಬಲವಂತಕ್ಕೆ ಒಪ್ಪಿಕೊಂಡ ಮುಖವೊಂದನ್ನು ಮಾಡಿ ನೋಡಿದಳು. ಮೊದಲ ಸಲ ತೀರ ಸಂತೋಷವಾಗಿ ಕಂಡಿತು. ಹುಬ್ಬು ಸ್ವಲ್ಪ ಗಂಟಿಕ್ಕಿದ ಮೇಲೆ ಸರಿಹೋಯಿತು. ಲಾಯ್ಡ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಏನೂ ಕೇಳದೆ ಪತ್ರಿಕೆ ಓದಲು ಹೋದ.

ಶುಕ್ರವಾರ ಹೋಟೆಲಿಗೆ ಕಾರ್ಲಾ ಬಂದಳು. ದನದ ಡಾಕ್ಟರಾಗಿ ಹೊಸದಾಗಿ ಬಂದವನ ಹೆಂಡತಿ, ಶಿಕಾಗೋದವಳು. ಊರಿಗೆ ಬಂದು ಒಂದೂವರೆ ತಿಂಗಳಾಗಿತ್ತು. ತಲೆಯಲ್ಲಿ ಬಂದದ್ದು ನಾಲಿಗೆಗೆ ಬರುವುದಕ್ಕೆ ನಡುವೆ ಯಾವ ತಡೆಯೂ ಇಲ್ಲದ ಹೆಂಗಸು. ಅವಳು ಒಣದ್ರಾಕ್ಷಿಯ ಪೈಯನ್ನು ಒಂದು ಚೂರು ಬಾಯಿಗಿಟ್ಟವಳೇ ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು. "ಇದನ್ನ ಮಾಡಿದೋರು ಯಾರ್ರೀ? ನನ್ನ ಜನ್ಮದಲ್ಲೇ ಇಂಥ ಪೈ ತಿಂದಿಲ್ಲ."

ಹೋಟೆಲಿನವರೆಲ್ಲ ನಾಚಿಕೆಯಿಂದ ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಅಷ್ಟು ಜನರ ನಡುವೆ ಹೀಗೆ ಹೊಗಳಿಸಿಕೊಳ್ಳುವುದೆಂದರೆ ಬೀದಿಯಲ್ಲಿ ಸೆರಗು ಜಾರಿದ ಹಾಗೆ. ಹಿಲ್ಮಾ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಆ ಹೊಗಳಿಕೆಯನ್ನು ದೂರ ತಳ್ಳಿದಳು. "ಅದೇನು ಮಹಾ ಬಿಡಿ. ಯಾರು ಬೇಕಾದ್ರೂ ಮಾಡ್ತಾರೆ. ಬೇಕಾದ್ರೆ ನೀವೇ ಬಂದು ಮಾಡಿ, ನನ್ನ ಕೈಯಂತೂ ಹೋಯ್ತು."

"ಹೌದಾ? ಆಗ್ಲಿ," ಅಂದಳು ಕಾರ್ಲಾ. "ಯಾವತ್ತಿಂದ ಬರ್ಲಿ?"

ಎಲ್ಮರ್‌ನ ಫೋರ್ಕು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಅಂಥದ್ದೊಂದು ಮಾತಿಗೆ ಯಾರಾದರೂ ಹೂಂ ಅಂದದ್ದು ವಿಕೆನ್ ಊರು ಹುಟ್ಟಿದ ಮೇಲೆ ಅದೇ ಮೊದಲು. ಹಿಲ್ಮಾ ವೆಂಡೆಲ್‌ನ ಮುಖ ನೋಡಿದಳು, ವೆಂಡೆಲ್ ಸೂರು ನೋಡಿದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯೂ ಆ ಊರಲ್ಲಿಲ್ಲ.

"ಸೋಮವಾರ," ಅಂದಳು ಹಿಲ್ಮಾ.

ಆರ್ಡಿಸ್ ಕಾಫಿ ಸುರಿಯುತ್ತಿದ್ದಳು. ಬಟ್ಟಲು ತುಂಬಿ, ತಟ್ಟೆ ತುಂಬಿ, ಕಾಫಿ ಎಲ್ಮರ್‌ನ ತೊಡೆಯ ಕಡೆ ಹರಿಯಿತು. ಎಲ್ಮರ್ ಸುಮ್ಮನೆ ಕಾಲು ಪಕ್ಕಕ್ಕೆ ಸರಿಸಿದ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆರ್ಡಿಸ್‌ಗೆ ಆದದ್ದು ಅದು. ಏಪ್ರನ್ ಚೀಲದಲ್ಲೇ ಮಡಿಕೆ ಮುರಿಯದೆ ಉಳಿಯಿತು.

ಕಾರ್ಲಾ ಮೈಗಳ್ಳಿಯಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಬೆಳಿಗ್ಗೆ ಐದಕ್ಕೆಲ್ಲ ಬಂದು ತೋಳು ಮಡಿಸಿ ನಿಲ್ಲುವಳು. ಆದರೆ ಪೈಯ ಕಣಕಕ್ಕೆ ಹಂದಿಕೊಬ್ಬು ಹಾಕಿ ಕಲಸುವುದೆಂದರೆ ಅವಳಿಗೆ ಅಸಹ್ಯವಾಗುತ್ತಿತ್ತು. ಅವಳ ಮನೆಯಲ್ಲಿ ಎಲ್ಲಕ್ಕೂ ಆಲಿವ್ ಎಣ್ಣೆ. ಎಣ್ಣೆಯ ಕಣಕ ಬೆಂದು ಹಲಗೆಯಾಗುತ್ತಿತ್ತು. ಒಳಗಿನ ಸೇಬಿನ ಹೂರಣಕ್ಕೆ ಅವಳು ತನ್ನ ಇಟಲಿಯ ಅಜ್ಜಿ ಮಾಡುತ್ತಿದ್ದಂತೆ ಸೋಂಪು ಹಾಕಿದಳು. ಅಜ್ಜಿಯ ಮನೆಯಲ್ಲಿ ಅದು ಅಮೃತವೇ ಇದ್ದಿರಬಹುದು. ವಿಕೆನ್‌ನಲ್ಲಿ ಕಾಳುಮೆಣಸನ್ನೇ ದೊಡ್ಡ ಸಾಹಸವೆಂದು ತಿಳಿಯುತ್ತಾರೆ.

"ಹೇಗಿದೆ?" ಎಂದು ಮೊದಲ ದಿನ ಅವಳು ಎಲ್ಮರ್ ಮುಂದೆ ನಿಂತು ಕೇಳಿದಳು.

ಎಲ್ಮರ್ ಬಹಳ ಹೊತ್ತು ಅಗಿದ. ನುಂಗಿದ. ನೀರು ಕುಡಿದ. "ಬೇರೆ ಥರ ಇದೆ," ಅಂದ.

ಆ ಊರಲ್ಲಿ ಅಡುಗೆಯ ಬಗ್ಗೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಪಕ್ಕದ ಮೇಜಿನವರು ಎಲ್ಮರ್ ಇಷ್ಟು ಕಟುವಾಗಿ ಮಾತಾಡಬಾರದಿತ್ತು ಎಂದು ಕಣ್ಣಲ್ಲೇ ಹೇಳಿಕೊಂಡರು. ಕಾರ್ಲಾಳ ಮುಖ ಅರಳಿತು. ಮರುದಿನ ಸೋಂಪು ಎರಡರಷ್ಟಾಯಿತು.

ಮಾರ್ಚ್ ನಡುವಿನ ಹೊತ್ತಿಗೆ ಬಂದವರೆಲ್ಲ "ಬರೀ ಕಾಫಿ ಸಾಕು" ಅನ್ನತೊಡಗಿದರು. ಎಲ್ಮರ್ ತನಗೆ ಸಕ್ಕರೆ ಕಾಯಿಲೆ ಶುರುವಾಗಿದೆಯೆಂದ. ಹಾಗಂದು ಕಾಫಿಗೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡ. ಯಾರೊಬ್ಬರೂ ಕಾರ್ಲಾಗೆ ನಿಜ ಹೇಳಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ ಊರೆಲ್ಲ ಸುಮ್ಮನಿತ್ತು. ಆರ್ಡಿಸ್ ಪೈಯನ್ನು ಹದಿನಾಲ್ಕು ಹೆಜ್ಜೆ ಹೊತ್ತುಕೊಂಡು ಹೋಗಿ, ಹಾಗೇ ಹದಿನಾಲ್ಕು ಹೆಜ್ಜೆ ವಾಪಸು ಹೊತ್ತು ತರುತ್ತಿದ್ದಳು. ಅವಳಿಗೆ ಕಾರ್ಲಾಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಕಾರ್ಲಾ ಒಳ್ಳೆಯವಳಾಗಿದ್ದದ್ದು ಇನ್ನೂ ಹೆಚ್ಚು ಉರಿಸುತ್ತಿತ್ತು. ಕೇಳದೆಯೇ ಬಂದು ಇವಳ ಜೊತೆ ಮೇಜು ಒರೆಸುವಳು, ಇವಳ ಮಂಡಿ ನೋವಿಗೆಂದು ಯಾವುದೋ ಮುಲಾಮು ತಂದುಕೊಟ್ಟಳು. ಮುಲಾಮು ಕೆಲಸವನ್ನೂ ಮಾಡಿತು. ಹಿಲ್ಮಾ ಹೋಟೆಲಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು. ಫೋನು ಮಾಡಿದರೆ, ದಾರಿಯಲ್ಲಿ ಹಿಮ, ಕಾಲು ಜಾರುತ್ತದೆ ಅನ್ನುವಳು. ಎಪ್ಪತ್ತೊಂಬತ್ತು ಚಳಿಗಾಲ ಜಾರದ ಕಾಲು ಆ ವರ್ಷವೇ ಜಾರತೊಡಗಿತ್ತು.

ಒಂದು ಭಾನುವಾರ ಲಾಯ್ಡ್ ಎಂದಿನಂತೆ ತನ್ನ ತುಂಡು ತಿಂದು ಮುಗಿಸಿದ. ಏಳಲಿಲ್ಲ.

"ನೀನೇ ಕೇಳ್ಬೋದಲ್ಲ," ಅಂದ.

"ಏನಂತ?"

"ಬೇಕು ಅಂತ."

"ಹಾಗೆಲ್ಲ ಯಾರಾದ್ರೂ ಕೇಳ್ತಾರಾ? ಜನ ಏನಂದ್ಕೊಂಡಾರು?"

ಲಾಯ್ಡ್ ತಟ್ಟೆಯ ಮೇಲಿನ ಚೂರುಗಳನ್ನು ಬೆರಳಲ್ಲಿ ಒತ್ತಿ ಬಾಯಿಗಿಟ್ಟುಕೊಂಡ. "ಕೆಳಗೆ ಫ್ರೀಜರಲ್ಲಿ ಇನ್ನು ಜಾಗ ಇಲ್ಲ ಕಣೆ," ಅಂದ.

ಈಸ್ಟರ್ ಹಬ್ಬಕ್ಕೆ ಒಂದು ವಾರವಿತ್ತು. ವೆಂಡೆಲ್ ಕೌಂಟರಿನ ಮೇಲಿನ ಕರಿಹಲಗೆಯಲ್ಲಿ ಪೈಗಳ ಹೆಸರು ಬರೆಯುವ ಜಾಗವನ್ನು ಒರೆಸುತ್ತ ಆರ್ಡಿಸ್‌ಗೆ ಮಾತ್ರ ಕೇಳುವಂತೆ ಹೇಳಿದ. "ಹಬ್ಬ ಆದ್ಮೇಲೆ ಪೈ ನಿಲ್ಲಿಸ್ಬಿಡೋಣ ಅಂತಿದೀನಿ. ಪಾಪ, ಕಾರ್ಲಾಗೂ ಬೇಜಾರಾಗ್ಬಾರ್ದು. ಒಲೆ ಕೆಟ್ಟೋಗಿದೆ ಅಂದ್ರಾಯ್ತು."

"ಒಲೆ ಚೆನ್ನಾಗೇ ಇದೆಯಲ್ಲ."

"ಕೆಡ್ಸಿದ್ರಾಯ್ತು," ಅಂದ ವೆಂಡೆಲ್.

ಒಬ್ಬ ಹೆಂಗಸಿಗೆ ನಿನ್ನ ಪೈ ಚೆನ್ನಾಗಿಲ್ಲವೆಂದು ಹೇಳುವುದಕ್ಕಿಂತ ಒಲೆ ಒಡೆಯುವುದೇ ಅವನಿಗೆ ಸುಲಭವಾಗಿ ಕಂಡಿತ್ತು. ಆರ್ಡಿಸ್ ಆ ಖಾಲಿ ಹಲಗೆಯನ್ನು ನೋಡಿದಳು. ಪೈಯೇ ನಿಂತುಹೋದರೆ ಇನ್ನು ಅವಳನ್ನು ಕೇಳುವವರೂ ಇಲ್ಲ, ಅವಳು ಕೇಳಲು ಏನೂ ಇಲ್ಲ. ಅವಳಿಗೆ ವಯಸ್ಸು ಐವತ್ತೆಂಟು. ಆ ದಿನವೆಲ್ಲ ಅವಳು ಮೂರು ಜನರಿಗೆ ತಪ್ಪು ಊಟ ಕೊಟ್ಟಳು. ಮೂವರೂ ಪರವಾಗಿಲ್ಲವೆಂದು ಹಾಗೇ ತಿಂದರು.

ಮರುದಿನ ಬೆಳಿಗ್ಗೆ ಐದಕ್ಕೆ ಅವಳು ಅಡುಗೆಮನೆಗೆ ಹೋದಾಗ ಕಾರ್ಲಾ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಲಟ್ಟಣಿಗೆ ಒತ್ತುತ್ತಿದ್ದಳು. ಆರ್ಡಿಸ್ ಮೊದಲು ಚಳಿಯ ವಿಷಯ ಮಾತಾಡಿದಳು. ಆಮೇಲೆ ರಸ್ತೆಯ ವಿಷಯ. ಆಮೇಲೆ ಮಾತು ತೀರಿಹೋಯಿತು.

"ಕಾರ್ಲಾ, ಈ ಕೆಲ್ಸ ನಂಗೆ ಬೇಕು."

ಕಾರ್ಲಾ ಲಟ್ಟಣಿಗೆ ನಿಲ್ಲಿಸಿದಳು. "ಏನಂದ್ರಿ?"

ಒಂದು ಸಲ ಹೇಳುವುದಕ್ಕೇ ಜೀವ ಹೋಗಿತ್ತು. ಈಗ ಎರಡನೆಯ ಸಲ ಹೇಳಬೇಕಾಗಿ ಬಂತು. ಆರ್ಡಿಸ್‌ಳ ಕಿವಿ ಬಿಸಿಯಾದವು. "ಪೈ ಮಾಡೋ ಕೆಲ್ಸ. ನಂಗೆ ಬೇಕು. ಇಪ್ಪತ್ತೇಳು ವರ್ಷದಿಂದ ಬೇಕು."

ಕಾರ್ಲಾ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡಳು. "ಮೊದಲೇ ಹೇಳ್ಬಾರ್ದಾ ಮಾರಾಯ್ತಿ. ಪಾಪ, ಆ ಅಜ್ಜಿ ಎಲ್ಲರ ಹತ್ರ ಕೇಳ್ಕೊಂಡ್ರೂ ಯಾರೂ ಒಪ್ಪಿಲ್ಲ ಅಂದ್ಕೊಂಡೆ ನಾನು. ಅದಕ್ಕೇ ಹೂಂ ಅಂದಿದ್ದು. ದಿನಾ ನಾಲ್ಕು ಗಂಟೆಗೆ ಎದ್ದು ಬರೋಕೆ ನಂಗೇನು ಹುಚ್ಚಾ?" ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದವಳು ಬಾಗಿಲ ಬಳಿ ತಿರುಗಿದಳು. "ಒಂದೇ ಒಂದು ನಿಜ ಹೇಳಿ. ನನ್ನ ಪೈ ಹೇಗಿತ್ತು?"

ಆರ್ಡಿಸ್ ತನ್ನ ಆಯುಷ್ಯದ ಧೈರ್ಯವನ್ನೆಲ್ಲ ಆಗಲೇ ಖರ್ಚು ಮಾಡಿದ್ದಳು. "ಬೇರೆ ಥರ ಇತ್ತು," ಅಂದಳು.

"ಎಲ್ಲರೂ ಅದೇ ಹೇಳ್ತಾರೆ," ಅಂದು ಕಾರ್ಲಾ ಖುಷಿಯಿಂದ ಮನೆಗೆ ಹೋದಳು.

ಅವತ್ತೇ ಆರ್ಡಿಸ್ ಆರು ಪೈ ಬೇಯಿಸಿದಳು. ಹಂದಿಕೊಬ್ಬನ್ನು ಹಿಟ್ಟಿನಲ್ಲಿ ಬಟಾಣಿ ಕಾಳಿನಷ್ಟು ಉದುರಾಗಿ ಬಿಟ್ಟು, ತಣ್ಣೀರು ಚಿಮುಕಿಸಿ, ಹೆಚ್ಚು ನಾದದೆ. ಹತ್ತು ಗಂಟೆಗೆ ಎಲ್ಮರ್ ಬಂದು ಮೂಗು ಮೇಲೆತ್ತಿದ. ಅವನ ಸಕ್ಕರೆ ಕಾಯಿಲೆ ಅಲ್ಲೇ ವಾಸಿಯಾಯಿತು. ಮೊದಲ ತುಂಡು ತಿಂದ, ಎರಡನೆಯದನ್ನು ಬೇಡ ಬೇಡ ಅನ್ನುತ್ತಲೇ ತಿಂದ, ತಿಂದು ಟೊಪ್ಪಿ ಹಾಕಿಕೊಂಡು ಹೊರಡುವಾಗ "ಪರವಾಗಿಲ್ಲ ಆರ್ಡಿಸ್" ಅಂದ. ಆರ್ಡಿಸ್ ಅಡುಗೆಮನೆಗೆ ಹೋಗಿ, ಯಾರೂ ಇಲ್ಲದ ಕಡೆ ನಿಂತು, ಒಂದು ಸಲ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಟ್ಟೆಯೂ ಖಾಲಿ, ಒಂದೇ ಒಂದು ತುಂಡು ಬಿಟ್ಟು. ಕೊನೆಯ ತುಂಡನ್ನು ವಿಕೆನ್‌ನಲ್ಲಿ ಯಾರೂ ಮುಟ್ಟುವುದಿಲ್ಲ. ಅದನ್ನು ಒಂದು ಡಬ್ಬಿಗೆ ಹಾಕಿಕೊಂಡು ಅವಳು ಹಿಲ್ಮಾಳ ಮನೆಗೆ ನಡೆದಳು.

ಹಿಲ್ಮಾ ಬಿಸಿಲು ಬೀಳುವ ಕಿಟಕಿಯ ಹತ್ತಿರ, ಏನೂ ಮಾಡದೆ ಕೂತಿದ್ದಳು. ಏನೂ ಮಾಡದೆ ಕೂತ ಹಿಲ್ಮಾಳನ್ನು ಆರ್ಡಿಸ್ ಹಿಂದೆಂದೂ ಕಂಡಿರಲಿಲ್ಲ. ಪೈ ಬೇಡವೆಂದಳು, ಈಗ ತಾನೇ ಊಟ ಆಯಿತೆಂದಳು, ಆಮೇಲೆ ಮೆಲ್ಲಗೆ ತಟ್ಟೆ ಎಳೆದುಕೊಂಡಳು. ಫೋರ್ಕನ್ನು ಮುಷ್ಟಿಯಲ್ಲಿ ಹಿಡಿದು ತಿಂದಳು.

"ಉಪ್ಪು ಒಂದು ಚಿಟಿಕೆ ಕಮ್ಮಿ. ಕಣಕ ಪರವಾಗಿಲ್ಲ."

"ಕಾರ್ಲಾನ ಕೇಳಿ ಕೆಲ್ಸ ಇಸ್ಕೊಂಡೆ," ಅಂದಳು ಆರ್ಡಿಸ್. "ಬಾಯ್ಬಿಟ್ಟು ಕೇಳ್ದೆ."

"ಗೊತ್ತಾಯ್ತು. ವೆಂಡೆಲ್ ಫೋನ್ ಮಾಡಿದ್ದ. ಧೈರ್ಯ ಬಂತಲ್ಲ ನಿಂಗೆ."

"ನೀವು ಮೂರನೇ ಸಲ ಯಾಕೆ ಕೇಳ್ಲಿಲ್ಲ?"

ಹಿಲ್ಮಾ ಫೋರ್ಕು ಕೆಳಗಿಟ್ಟಳು. "ಕೇಳಿದ್ರೆ ನೀನು ಹೂಂ ಅಂತಿದ್ದೆ."

ಆರ್ಡಿಸ್ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು.

"ಎರಡು ಸಲ ಕೇಳಿದ್ದೂ ನೀನು ಬೇಡ ಅಂತೀಯ ಅನ್ನೋ ಧೈರ್ಯದ ಮೇಲೆ ಕಣೆ. ಮೂರನೇದಕ್ಕೆ ಬಾಯಿ ಬರ್ಲಿಲ್ಲ. ಆ ಶಿಕಾಗೋದವಳೂ ಬೇಡ ಅಂತಾಳೆ ಅಂದ್ಕೊಂಡೆ. ಎಲ್ಲರೂ ಬೇಡ ಅಂದ್ರೆ ಇನ್ನೊಂದೆರಡು ವರ್ಷ ನಾನೇ ಮಾಡ್ಬೋದಲ್ಲ. ನಿಂಗೆ ಎಷ್ಟು ಆಸೆ ಇತ್ತು ಅಂತ ನಂಗೆ ಗೊತ್ತಿಲ್ದೆ ಇರತ್ತಾ? ಪೈ ಹೊತ್ಕೊಂಡು ಹೋಗೋವಾಗ ಅದನ್ನ ನೋಡೋ ನೋಟ ನೋಡಿದ್ರೇ ಸಾಕು."

ಆರ್ಡಿಸ್‌ಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಎಲ್ಲ ಗೊತ್ತಿದ್ದೂ ಈ ಮುದುಕಿ ತನ್ನನ್ನು ಇಷ್ಟು ದಿನ ಬೇಯಿಸಿದಳಲ್ಲ ಎಂದು ಎದ್ದು ಹೊರಡಬೇಕು ಅನ್ನಿಸಿತು. ಆಗ ಹಿಲ್ಮಾ ಕೈಗಳನ್ನು ಮಡಿಲಲ್ಲಿ ಒಂದರ ಕೆಳಗೊಂದು ಬಚ್ಚಿಡುವುದು ಕಂಡಿತು. ಎರಡನ್ನೂ ಬಚ್ಚಿಡಲು ಆಗುತ್ತಿರಲಿಲ್ಲ. ಆರ್ಡಿಸ್‌ಗೆ ಸಿಟ್ಟು ಹೋಗಲಿಲ್ಲ, ಆದರೆ ಅದರ ಜೊತೆಗೇ ದುಃಖವೂ ಬಂತು. ಇಬ್ಬರೂ ಒಂದೇ ಕೆಲಸವನ್ನು ಅಷ್ಟು ವರ್ಷ ಅಷ್ಟು ಪ್ರೀತಿಸಿದ್ದರು, ಒಬ್ಬರಿಗೊಬ್ಬರು ಒಂದು ದಿನವೂ ಹೇಳಿರಲಿಲ್ಲ.

"ನಾಳೆಯ ಕಣಕ ಇವತ್ತೇ ಕಲಸಿಡ್ಬೇಕು," ಅಂದಳು. "ಬನ್ನಿ. ಕುರ್ಚಿ ಹಾಕ್ಕೊಡ್ತೀನಿ, ಕೂತ್ಕೊಂಡು ಬೈತಾ ಇರಿ."

"ಅಯ್ಯೋ, ನಾನ್ಯಾಕೆ ಅಲ್ಲಿ ಅಡ್ಡ."

"ಹಿಲ್ಮಾ, ನಂಗೆ ಮತ್ತೆ ಮತ್ತೆ ಕೇಳೋಕೆ ಶಕ್ತಿ ಇಲ್ಲ. ನಿಮಗೆ ಬರೋಕೆ ಬೇಕಾ, ಬೇಡ್ವಾ?"

ಹಿಲ್ಮಾ ಕಿಟಕಿಯ ಆಚೆ ನೋಡಿದಳು. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

"ಬೇಕು," ಅಂದಳು, ತಟ್ಟೆಯ ಕಡೆ ನೋಡುತ್ತ.

ಆರ್ಡಿಸ್ ಬಾಗಿಲ ಹಿಂದಿನ ಕೋಟು ತಂದುಕೊಟ್ಟಳು. ಹಿಲ್ಮಾ ತೋಳು ತೂರಿಸಿಕೊಂಡು ಮೊದಲ ಗುಂಡಿಗೆ ಕೈ ಹಾಕಿದಳು. ಬೆರಳುಗಳು ಗುಂಡಿಯನ್ನು ಹಿಡಿದವು, ಜಾರಿದವು, ಮತ್ತೆ ಹಿಡಿದವು. ಆರ್ಡಿಸ್ ತನ್ನ ಕೈಗಳನ್ನು ಬಿಗಿ ಹಿಡಿದು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಳು. ಹಿಲ್ಮಾ ಕೊನೆಗೆ ಕೈ ಕೆಳಗೆ ಬಿಟ್ಟು ಗದ್ದ ಮೇಲೆತ್ತಿದಳು.

"ಗುಂಡಿ ಹಾಕ್ಕೊಡೆ. ನನ್ನ ಕೈಲಾಗಲ್ಲ."

ಆರ್ಡಿಸ್ ಮಂಡಿಯೂರಿ ಕೆಳಗಿನ ಗುಂಡಿಯಿಂದ ಶುರುಮಾಡಿ ಕತ್ತಿನವರೆಗೆ ಒಂದೊಂದಾಗಿ ಹಾಕಿದಳು.